ಮಹಾರಾಜರ ಸ್ಪೀಕರುಗಳು

ಹೊಸ ಸ್ಪೀಕರ್ ಮನೆಗೆ ಬಂದ ದಿನ ಯಾರೂ ಹೊಸ ಹಾಡು ಹಾಕುವುದಿಲ್ಲ. ನೂರು ಸಲ ಕೇಳಿ ಬಾಯಿಪಾಠವಾದ ಹಾಡನ್ನೇ ಹಾಕುತ್ತಾರೆ. ಇದುವರೆಗೆ ಕಿವಿಗೆ ಬೀಳದಿದ್ದ ತಂಬೂರಿಯ ಶ್ರುತಿ, ಪಲ್ಲವಿ ಎತ್ತಿಕೊಳ್ಳುವ ಮುನ್ನ ಗಾಯಕಿ ಎಳೆದುಕೊಳ್ಳುವ ಉಸಿರು, ಮೃದಂಗದ ಎಡಭಾಗದ ಗುಮಕಿ, ಹೀಗೆ ಹಳೆಯ ಹಾಡಿನೊಳಗೇ ಹೊಸದೇನೋ ಸಿಕ್ಕಾಗ ಆಗುವ ಹಿಗ್ಗೇ ಬೇರೆ. ಮನೆಯವರ ಕಣ್ಣಿಗೆ ಇದು ಹುಚ್ಚು. ಇದ್ದ ಎರಡು ಪೆಟ್ಟಿಗೆ ಸಾಲದೆಂದು ಮತ್ತೆರಡು ತರುವವನನ್ನು ಸಂಗೀತದ ಇತಿಹಾಸವೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ವಾಗ್ಗೇಯಕಾರರಿಗೆ, ಗಾಯಕರಿಗೆ, ವಾದಕರಿಗೆ ಅಲ್ಲಿ ಅಧ್ಯಾಯಗಳಿವೆ. ಕೂತು ಕೇಳುವವನಿಗೆ ಒಂದು ಸಾಲೂ ಇಲ್ಲ. ಆದರೆ ಹಾಗೆ ಕೇಳುತ್ತ ಕೂತ ಒಬ್ಬರಿಂದ ಈ ಇತಿಹಾಸ ತುಸು ದಾರಿ ಬದಲಿಸಿದ ಪ್ರಸಂಗವೊಂದು ಮೈಸೂರಿನದು.

ಜಯಚಾಮರಾಜ ಒಡೆಯರು ಹುಟ್ಟಿದ್ದು 1919ರಲ್ಲಿ. ಬಾಲ್ಯದಿಂದಲೇ ಪಾಶ್ಚಾತ್ಯ ಸಂಗೀತದ ಅಭ್ಯಾಸ; ಪಿಯಾನೋ ವಾದಕರಾಗಬೇಕೆಂಬ ಆಸೆ. 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರು, ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು ಇಬ್ಬರೂ ತೀರಿಕೊಂಡರು. 21ರ ತರುಣನ ಪಾಲಿಗೆ ಸಿಂಹಾಸನ ಬಂತು, ಸಂಗೀತ ವೇದಿಕೆ ಕೈತಪ್ಪಿತು. ನುಡಿಸಲು ಹೊರಟವರಿಗೆ ಉಳಿದದ್ದು ಕೇಳುವ ದಾರಿ. ಆಗ ಯುದ್ಧಕಾಲ. ಲಂಡನ್ನಿನ ಸಭಾಂಗಣದ ಸಂಗೀತ ಮೈಸೂರಿನಲ್ಲಿ ಮೊಳಗಬೇಕಾದರೆ ತಟ್ಟೆ ಬೇಕು, ಸ್ಪೀಕರ್ ಬೇಕು.

ಆ ಸ್ಪೀಕರಿಗೂ ಆಗಿನ್ನೂ ಹೆಚ್ಚು ವಯಸ್ಸಾಗಿರಲಿಲ್ಲ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಇಂದಿನ ಸ್ಪೀಕರಿನ ಮೂಲಮಾದರಿಯನ್ನು ಜಗತ್ತಿನ ಮುಂದಿಟ್ಟದ್ದು 1925ರಲ್ಲಿ. ಅಯಸ್ಕಾಂತದ ನಡುವೆ ಒಂದು ತಂತಿಯ ಸುರುಳಿ, ಅದಕ್ಕೆ ಅಂಟಿದ ಕಾಗದದ ಶಂಕು. ವಿದ್ಯುತ್ ಏರಿಳಿದಂತೆ ಸುರುಳಿ ಹಿಂದೆ ಮುಂದೆ ಆಡುತ್ತದೆ, ಶಂಕು ಗಾಳಿಯನ್ನು ದೂಡುತ್ತದೆ. ತೊಡಕಿದ್ದದ್ದು ಮಂದ್ರದಲ್ಲಿ. ಶಂಕುವಿನ ಮುಂದೆ ಗಾಳಿ ಒತ್ತಿಕೊಂಡಾಗ ಹಿಂದೆ ತೆಳುವಾಗುತ್ತದೆ. ಎರಡೂ ಸೇರಿದರೆ ತಗ್ಗಿನ ಸ್ವರಗಳು ಪರಸ್ಪರ ಅಳಿಸಿಹೋಗುತ್ತವೆ. ಅವೆರಡನ್ನೂ ಬೇರ್ಪಡಿಸಲು ಆಳೆತ್ತರದ ಮರದ ಪೆಟ್ಟಿಗೆಗಳೋ ದೊಡ್ಡ ಕಹಳೆಗಳೋ ಬೇಕಾಗುತ್ತಿದ್ದವು. ಒಳ್ಳೆಯ ಸದ್ದಿಗೆ ಹಣದಷ್ಟೇ ಜಾಗವೂ ಬೇಕಿದ್ದ ಕಾಲ ಅದು. ಅರಮನೆಯಲ್ಲಿ ಎರಡಕ್ಕೂ ಕೊರತೆ ಇರಲಿಲ್ಲ.

ಲಂಡನ್ನಿನ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ ಮಹಾರಾಜರ ಅತಿಥಿಯಾಗಿ ಮೈಸೂರಿಗೆ ಬಂದಾಗ ಬೆರಗಾದದ್ದು ಇದನ್ನು ಕಂಡೇ. ತಟ್ಟೆಗಳ ದೊಡ್ಡ ಭಂಡಾರ, ಪಿಯಾನೋಗಳು, ಜೊತೆಗೆ ಬಗೆಬಗೆಯ ಸ್ಪೀಕರುಗಳು. 1950ರ ಹೊತ್ತಿಗೆ ಆ ಸಂಗ್ರಹದಲ್ಲಿ ಸುಮಾರು 20,000 ತಟ್ಟೆಗಳಿದ್ದವೆಂಬ ಅಂದಾಜಿದೆ. ಅಂದಿನ 12 ಅಂಗುಲದ ತಟ್ಟೆಯ ಒಂದು ಬದಿ ನಾಲ್ಕೈದು ನಿಮಿಷಕ್ಕೆ ಮುಗಿಯುತ್ತಿತ್ತು. ಅಂದರೆ ಒಂದು ದೀರ್ಘ ಕೃತಿ ಕೇಳುವುದೆಂದರೆ ಮತ್ತೆ ಮತ್ತೆ ತಟ್ಟೆ ಮಗುಚುವ ವ್ರತ.

ಎಷ್ಟು ತರಿಸಿದರೂ ಒಂದು ಕೊರತೆ ನೀಗಲಿಲ್ಲ. ಅವರಿಗೆ ಪ್ರಿಯರಾಗಿದ್ದ ನಿಕೊಲಾಯ್ ಮೆಟ್ನರ್ ಅವರ ಸಂಗೀತ ತಟ್ಟೆಗಳಲ್ಲಿ ಸಿಗುತ್ತಿದ್ದದ್ದು ತೀರ ಕಡಿಮೆ. ರಷ್ಯಾ ಬಿಟ್ಟು ಲಂಡನ್ನಿನಲ್ಲಿ ನೆಲೆಸಿದ್ದ ಈ ಸಂಯೋಜಕರಿಗೆ ವಯಸ್ಸಾಗಿತ್ತು, ಆರೋಗ್ಯ ಕೆಟ್ಟಿತ್ತು, ಮಾರುಕಟ್ಟೆ ಇರಲಿಲ್ಲ. ಮಹಾರಾಜರು ಹಣ ಕೊಟ್ಟರು. ಮೆಟ್ನರ್ ಸೊಸೈಟಿ ಹುಟ್ಟಿತು. 1940ರ ದಶಕದ ಕೊನೆಯಲ್ಲಿ ಮೆಟ್ನರ್ ತಮ್ಮ ಮೂರೂ ಪಿಯಾನೋ ಕಂಚೆರ್ಟೋಗಳನ್ನು ತಾವೇ ನುಡಿಸಿ ಮುದ್ರಿಸಿದರು. ಮೂರನೆಯದನ್ನು ಮೈಸೂರು ಮಹಾರಾಜರಿಗೇ ಅರ್ಪಿಸಿದ್ದಾರೆ. 1951ರಲ್ಲಿ ಮೆಟ್ನರ್ ತೀರಿಕೊಂಡರು. ಆ ಬೆರಳುಗಳ ನುಡಿತ ಇಂದು ನಮಗೆ ಇಷ್ಟು ವಿಸ್ತಾರವಾಗಿ ಕೇಳಸಿಗುತ್ತಿರುವುದು ಮೈಸೂರಿನ ಕೇಳುಗರೊಬ್ಬರ ಹಸಿವಿನಿಂದ.

ಇದನ್ನು ರಾಜಾಶ್ರಯವೆಂದು ಕರೆದು ಮುಗಿಸಬಹುದು. ಆದರೆ ಹಳೆಯ ಆಶ್ರಯಕ್ಕೂ ಇದಕ್ಕೂ ವ್ಯತ್ಯಾಸವಿದೆ. ಆಸ್ಥಾನ ವಿದ್ವಾಂಸರು ದರ್ಬಾರಿನಲ್ಲಿ ಹಾಡಿದರೆ ಕೇಳುವವರು ಕರೆ ಬಂದವರು ಮಾತ್ರ. ಮೆಟ್ನರ್ ತಟ್ಟೆಗಳು ಅಂಗಡಿಗೆ ಬಂದವು. ಹಣ ತೆತ್ತ ಯಾರ ಮನೆಯಲ್ಲಾದರೂ ನುಡಿದವು. ಒಬ್ಬರ ಖಾಸಗಿ ಆಸೆ ಎಲ್ಲರ ಆಸ್ತಿಯಾಯಿತು. ಹಾಗೆಂದು ಈ ಆಸೆಯ ಹಿಂದೆ ಯಾರ ದುಡಿಮೆಯ ಹಣವಿತ್ತು ಎಂಬ ಪ್ರಶ್ನೆಯನ್ನು ಬದಿಗಿಡುವಂತಿಲ್ಲ. ಅದೇ ಊರಿನಲ್ಲಿ 1935ರಷ್ಟು ಹಿಂದೆಯೇ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರುಮಾಡಿ ಅದನ್ನು ‘ಆಕಾಶವಾಣಿ’ ಎಂದು ಕರೆದಿದ್ದರು. ಒಂದು ಮನೆಯ ಸದ್ದನ್ನು ಊರಿಗೆಲ್ಲ ಹಂಚುವ ಕನಸು ಅದು. ಲೋಕದ ಸದ್ದನ್ನೆಲ್ಲ ಒಂದು ಮನೆಗೆ ತರುವ ಕನಸು ಇದು. ಮೈಸೂರಿನ ಸಂಗೀತ ಚರಿತ್ರೆ ಬರೆಯುವವರು ಎರಡನ್ನೂ ಒಟ್ಟಿಗಿಟ್ಟು ನೋಡಬೇಕು.

ಕೊನೆಯ ಪ್ರಸಂಗ 1950ರ ಮೇ 22ರದು. ಹಿಂದಿನ ವರ್ಷ ತೀರಿಕೊಂಡಿದ್ದ ರಿಚರ್ಡ್ ಸ್ಟ್ರಾಸ್ ಅವರ ‘ನಾಲ್ಕು ಕೊನೆಯ ಹಾಡುಗಳು’ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಕೇಳಿಬಂದವು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ವಾದ್ಯವೃಂದ ನಡೆಸಿದವರು ಫರ್ಟ್‌ವಾಂಗ್ಲರ್. ಕಛೇರಿಗೆ 4,800 ಡಾಲರಿನ ಖಾತರಿ ಕೊಟ್ಟವರು ಜಯಚಾಮರಾಜರು. ಅದನ್ನು ಮುದ್ರಿಸಿ ಮೈಸೂರಿಗೆ ಕಳಿಸಬೇಕೆಂಬುದು ಏರ್ಪಾಡು. ಇಂದು ಸಿಗುವ ಆ ರಾತ್ರಿಯ ಮುದ್ರಣ ತೀರ ಮಸುಕು; ತಟ್ಟೆಯ ಗರಗರದ ಹಿಂದೆಲ್ಲೋ ಒಂದು ದನಿ. ಎಂಥ ಸ್ಪೀಕರೂ ಅದನ್ನು ತಿಳಿಗೊಳಿಸಲಾರದು. ಆದರೂ ಕೇಳುತ್ತೇವೆ.

ನಾಲ್ಕು ವರ್ಷಗಳ ನಂತರ, 1954ರಲ್ಲಿ, ಅಮೆರಿಕದ ಎಡ್ಗರ್ ವಿಲ್ಚರ್ ಮಂದ್ರದ ತೊಡಕಿಗೆ ಹೊಸ ಪರಿಹಾರ ಕಂಡುಕೊಂಡರು. ಗಾಳಿಯಾಡದಂತೆ ಮುಚ್ಚಿದ ಚಿಕ್ಕ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ದುಡಿಸಿ, ಪುಸ್ತಕದ ಕಪಾಟಿನಲ್ಲಿ ಕೂರುವ ಸ್ಪೀಕರಿನಿಂದ ಆಳದ ಸ್ವರ ಹೊರಡಿಸಿದರು. ಒಳ್ಳೆಯ ಸದ್ದಿಗೆ ಅರಮನೆಯ ಹಜಾರ ಬೇಕಿಲ್ಲವೆಂದಾಯಿತು. ಇಂದು ಬಾಡಿಗೆ ಕೋಣೆಯಲ್ಲಿ ಹೊಸ ಸ್ಪೀಕರ್ ಜೋಡಿಸಿ, ತಂತಿ ಸಿಕ್ಕಿಸಿ, ಹಳೆಯ ಹಾಡಿಗೆ ಕಿವಿ ನಿಮಿರಿಸಿ ಕೂರುವವರಿಗೂ ಆ ಮಹಾರಾಜರಿಗೂ ಹಿಗ್ಗು ಒಂದೇ. ಜಯಚಾಮರಾಜರ ಹಿಗ್ಗು ತನ್ನಲ್ಲೇ ಮುಗಿಯಲಿಲ್ಲ. ತನಗೆ ಬೇಕಾದ ಸಂಗೀತ ಎಲ್ಲಿಯೂ ಇಲ್ಲವೆಂದು ತಿಳಿದಾಗ, ಅದು ಇರುವಂತೆ ಮಾಡಿತು.