ಕೆಂಪು ದೀಪದ ಕ್ಯಾಮೆರಾ ದಂಡ

ಕೆಂಪು ದೀಪದ ಕ್ಯಾಮೆರಾ ದಂಡ ಎಂದರೆ, ಸಂಚಾರ ಸಿಗ್ನಲ್ಲಿನಲ್ಲಿ ಕೆಂಪು ದೀಪ ಹೊತ್ತಿದ ಮೇಲೆ ನಿಲುಗಡೆ ಗೆರೆಯನ್ನು ದಾಟಿದ ವಾಹನವನ್ನು ಸ್ವಯಂಚಾಲಿತ ಕ್ಯಾಮೆರಾ ಗುರುತಿಸಿದಾಗ, ಆ ಚಿತ್ರದ ಆಧಾರದ ಮೇಲೆ ವಿಧಿಸಲಾಗುವ ದಂಡ. ಆಡುಮಾತಿನಲ್ಲಿ ಈ ಅಪರಾಧಕ್ಕೆ ‘ಸಿಗ್ನಲ್ ಜಂಪ್’ ಎಂದೂ ಅದರ ನೋಟಿಸಿಗೆ ‘ಇ-ಚಲನ್’ ಎಂದೂ ಹೆಸರು. ರಸ್ತೆಯಲ್ಲಿ ಪೊಲೀಸರು ತಡೆದು ಹಾಕುವ ದಂಡಕ್ಕೂ ಇದಕ್ಕೂ ಮೂಲಭೂತವಾದ ವ್ಯತ್ಯಾಸವಿದೆ. ಪೊಲೀಸರು ನೋಡುವುದು ಚಾಲಕನನ್ನು. ಕ್ಯಾಮೆರಾ ನೋಡುವುದು ನಂಬರ್ ಪ್ಲೇಟನ್ನು. ಆದ್ದರಿಂದ ನೋಟಿಸು ವಾಹನ ಓಡಿಸಿದವರಿಗಲ್ಲದೆ, ನೋಂದಣಿ ದಾಖಲೆಯಲ್ಲಿ ಹೆಸರಿರುವ ಮಾಲೀಕರಿಗೆ ಹೋಗುತ್ತದೆ. ಈ ದಂಡದ ಬಗೆಗಿನ ಬಹುಪಾಲು ಗೊಂದಲಗಳಿಗೆ ಇದೇ ಮೂಲ.

ಹಿನ್ನೆಲೆ

ಸಂಚಾರ ಕ್ಯಾಮೆರಾಗಳ ಇತಿಹಾಸವು ನೆದರ್ಲೆಂಡ್ಸ್‌ನ ಮೌರಿಸ್ ಗಾಟ್ಸೋನಿಡೀಸ್ ಎಂಬ ಕಾರು ರ‍್ಯಾಲಿ ಪಟುವಿನಿಂದ ಆರಂಭವಾಗುತ್ತದೆ. 1953ರ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಗೆದ್ದಿದ್ದ ಆತನು ತನ್ನ ಕಾರಿನ ವೇಗವನ್ನು ನಿಖರವಾಗಿ ಅಳೆದು ಇನ್ನಷ್ಟು ವೇಗವಾಗಿ ಓಡಿಸಲೆಂದು ಸಾಧನವೊಂದನ್ನು ರೂಪಿಸಿದನು. ವೇಗ ಹೆಚ್ಚಿಸಲು ಹುಟ್ಟಿದ ಸಾಧನವೇ ವೇಗಕ್ಕೆ ಕಡಿವಾಣವಾದದ್ದು ವಿಚಿತ್ರ. 1960ರ ದಶಕದಲ್ಲಿ ಕೆಂಪು ದೀಪದ ಕ್ಯಾಮೆರಾಗಳೂ ಬಳಕೆಗೆ ಬಂದವು. ಅಮೆರಿಕದಲ್ಲಿ ನ್ಯೂಯಾರ್ಕ್ ನಗರವು 1990ರ ದಶಕದ ಆರಂಭದಲ್ಲಿ ಇವನ್ನು ಅಳವಡಿಸಿಕೊಂಡಿತು.

ಕಾರ್ಯವಿಧಾನ

ಹಳೆಯ ವ್ಯವಸ್ಥೆಗಳಲ್ಲಿ ನಿಲುಗಡೆ ಗೆರೆಯ ಬಳಿ ರಸ್ತೆಯೊಳಗೆ ತಂತಿಯ ಸುರುಳಿಯನ್ನು ಹೂಳಲಾಗುತ್ತಿತ್ತು. ಮೇಲೆ ವಾಹನ ಹಾದುಹೋದಾಗ ಅದು ಕ್ಯಾಮೆರಾವನ್ನು ಚಾಲೂ ಮಾಡುತ್ತಿತ್ತು. ಈಗಿನವು ಹೆಚ್ಚಾಗಿ ವಿಡಿಯೊ ಚಿತ್ರವನ್ನು ಗಣಕದ ಮೂಲಕ ವಿಶ್ಲೇಷಿಸಿ, ನೋಂದಣಿ ಸಂಖ್ಯೆಯನ್ನು ತಾವೇ ಓದುತ್ತವೆ. ಸಾಮಾನ್ಯವಾಗಿ ಎರಡು ಬಗೆಯ ಚಿತ್ರಗಳು ದಾಖಲಾಗುತ್ತವೆ: ದೀಪ ಕೆಂಪಾಗಿರುವುದೂ ವಾಹನದ ಸ್ಥಾನವೂ ಒಟ್ಟಿಗೆ ಕಾಣುವ ಚಿತ್ರ ಒಂದು, ನಂಬರ್ ಪ್ಲೇಟಿನ ಸಮೀಪದ ಚಿತ್ರ ಇನ್ನೊಂದು. ಕೆಂಪು ಬರುವ ಮೊದಲೇ ಗೆರೆ ದಾಟಿ, ವಾಹನದಟ್ಟಣೆಯಿಂದಾಗಿ ಚೌಕದ ನಡುವೆ ಸಿಲುಕಿದ ವಾಹನವು ಸಿಗ್ನಲ್ ಉಲ್ಲಂಘಿಸಿದಂತಾಗುವುದಿಲ್ಲ. ಕೆಂಪಿನಲ್ಲಿ ಗೆರೆ ದಾಟಿ ಜೀಬ್ರಾ ಪಟ್ಟೆಯ ಮೇಲೆ ನಿಲ್ಲುವುದು ಬೇರೊಂದು ಅಪರಾಧವಾಗಿ ದಾಖಲಾಗುವುದುಂಟು.

ಹಳದಿ ದೀಪದ ಅವಧಿ

ಹಳದಿ ದೀಪವನ್ನು ‘ಬೇಗ ದಾಟಿ’ ಎಂಬ ಸೂಚನೆಯೆಂದು ಅನೇಕರು ಭಾವಿಸುತ್ತಾರೆ. ಅದರ ಅರ್ಥ ‘ನಿಲ್ಲಿ’ ಎಂದೇ. ಸುರಕ್ಷಿತವಾಗಿ ನಿಲ್ಲಲಾಗದಷ್ಟು ಗೆರೆಯ ಹತ್ತಿರ ಬಂದಿರುವವರಿಗೆ ಮಾತ್ರ ದಾಟಲು ಅವಕಾಶ. ಇಂಥವರಿಗೆ ಸಾಕಾಗುವಷ್ಟು ಹೊತ್ತು ಹಳದಿ ಇರಬೇಕೆಂಬುದನ್ನು ಗೇಜಿಸ್, ಹರ್ಮನ್ ಮತ್ತು ಮರಾಡುಡಿನ್ ಎಂಬ ವಿಜ್ಞಾನಿಗಳು 1960ರಲ್ಲಿ ಗಣಿತದ ಮೂಲಕ ನಿರೂಪಿಸಿದರು. ಗಂಟೆಗೆ 40 ಕಿ.ಮೀ. ವೇಗದ ವಾಹನವು ಸೆಕೆಂಡಿಗೆ ಸುಮಾರು 11 ಮೀಟರ್ ಚಲಿಸುತ್ತದೆ. ದೀಪ ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್ ಬೇಕೆಂದಿಟ್ಟುಕೊಂಡು, ಸಾಧಾರಣ ಬ್ರೇಕಿನ ಬಲವನ್ನು ಲೆಕ್ಕಕ್ಕೆ ಹಿಡಿದರೆ ನಿಲ್ಲಲು 32 ಮೀಟರಿನಷ್ಟು ಜಾಗ ಬೇಕು. ಅಷ್ಟು ದೂರವನ್ನು ಅದೇ ವೇಗದಲ್ಲಿ ಕ್ರಮಿಸಲು ಸುಮಾರು 3 ಸೆಕೆಂಡ್ ಹಿಡಿಯುತ್ತದೆ. ಹಳದಿ ಇದಕ್ಕಿಂತ ಕಡಿಮೆಯಿದ್ದರೆ ನಿಲ್ಲಲೂ ಆಗದ, ದಾಟಲೂ ಆಗದ ಇಕ್ಕಟ್ಟು ಉಂಟಾಗುತ್ತದೆ. ವೇಗ 60 ಕಿ.ಮೀ. ಆದರೆ ಅಗತ್ಯ ಅವಧಿ 4 ಸೆಕೆಂಡಿನ ಸಮೀಪಕ್ಕೆ ಏರುತ್ತದೆ.

ಅಮೆರಿಕದ ಆರೆಗನ್ ರಾಜ್ಯದಲ್ಲಿ ಈ ಲೆಕ್ಕವೇ ನ್ಯಾಯಾಲಯದ ಮೆಟ್ಟಿಲೇರಿತು. ಪತ್ನಿಗೆ ಬಂದ ಕ್ಯಾಮೆರಾ ದಂಡದಿಂದ ಪ್ರೇರಿತರಾಗಿ ಮ್ಯಾಟ್ಸ್ ಯಾರ್ಲ್‌ಸ್ಟ್ರೋಮ್ ಎಂಬವರು ಹಳದಿ ಅವಧಿಯ ಸೂತ್ರವು ತಿರುವು ತೆಗೆದುಕೊಳ್ಳುವ ವಾಹನಗಳಿಗೆ ಸಾಲದೆಂದು ತೋರಿಸಿದರು. ಪರವಾನಗಿ ಇಲ್ಲದೆ ಎಂಜಿನಿಯರಿಂಗ್ ನಡೆಸಿದರೆಂದು ರಾಜ್ಯದ ಮಂಡಳಿ ಅವರಿಗೆ 500 ಡಾಲರ್ ದಂಡ ಹಾಕಿತು. ಅವರು ಮೊಕದ್ದಮೆ ಹೂಡಿ ಗೆದ್ದರು. 2020ರಲ್ಲಿ ಸಾರಿಗೆ ಎಂಜಿನಿಯರುಗಳ ಸಂಸ್ಥೆಯು ತನ್ನ ಮಾರ್ಗಸೂಚಿಯನ್ನು ಪರಿಷ್ಕರಿಸಿತು.

ಕ್ಯಾಮೆರಾಗಳ ಪರಿಣಾಮವೂ ಸರಳವಲ್ಲ. 2005ರಲ್ಲಿ ಅಮೆರಿಕದ ಫೆಡರಲ್ ಹೆದ್ದಾರಿ ಆಡಳಿತವು ಪ್ರಕಟಿಸಿದ ಅಧ್ಯಯನದಂತೆ, ಅಡ್ಡ ಬಂದ ವಾಹನಕ್ಕೆ ಗುದ್ದುವ ಅಪಘಾತಗಳು ಸುಮಾರು ಶೇ 25ರಷ್ಟು ಇಳಿದರೆ, ಹಿಂದಿನಿಂದ ಗುದ್ದುವವು ಸುಮಾರು ಶೇ 15ರಷ್ಟು ಏರಿದವು. ಮೊದಲನೆಯ ಬಗೆಯವು ಹೆಚ್ಚು ಮಾರಕವಾದುದರಿಂದ ಒಟ್ಟಾರೆ ಲಾಭವೇ ಎಂದು ಪರಿಗಣಿಸಲಾಗುತ್ತದೆ.

ಭಾರತದ ಕಾನೂನು

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಮಾಡಿದ ತಿದ್ದುಪಡಿಯು ಕೆಂಪು ದೀಪ ದಾಟುವುದನ್ನು 184ನೇ ಕಲಮಿನ ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿತು. ಮೊದಲ ಬಾರಿಗೆ 1,000ದಿಂದ 5,000 ರೂಪಾಯಿ ದಂಡ, ಕಾರಾಗೃಹ ಶಿಕ್ಷೆಗೂ ಅವಕಾಶವಿದೆ. ರಾಜಿ ದಂಡದ ಮೊತ್ತವನ್ನು ರಾಜ್ಯಗಳು ನಿಗದಿಪಡಿಸಬಹುದು. ಬೆಂಗಳೂರಿನಲ್ಲಿ ಸಿಗ್ನಲ್ ಜಂಪ್‌ಗೆ 500 ರೂಪಾಯಿ ವಿಧಿಸುವುದು ರೂಢಿಯಲ್ಲಿದೆ.

ಅದೇ ತಿದ್ದುಪಡಿಯ 136ಎ ಕಲಮು ರಸ್ತೆ ಸುರಕ್ಷತೆಯ ವಿದ್ಯುನ್ಮಾನ ನಿಗಾಕ್ಕೆ ಆಧಾರ. ಇದರಡಿ 2021ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ 167ಎ ನಿಯಮವನ್ನು ವಾಹನ ಮಾಲೀಕರು ಓದಿಟ್ಟುಕೊಳ್ಳುವುದು ಒಳಿತು. ಆ ನಿಯಮದಂತೆ ಉಪಕರಣಕ್ಕೆ ಅನುಮೋದನೆಯ ಪ್ರಮಾಣಪತ್ರವಿರಬೇಕು, ಅದು ವರ್ಷಕ್ಕೊಮ್ಮೆ ನವೀಕರಣಗೊಳ್ಳಬೇಕು. ಕ್ಯಾಮೆರಾ ಇದೆಯೆಂಬ ಫಲಕ ಕಣ್ಣಿಗೆ ಬೀಳುವಂತಿರಬೇಕು. ಉಲ್ಲಂಘನೆಯಾದ 15 ದಿನಗಳೊಳಗೆ ನೋಟಿಸು ಕಳುಹಿಸಬೇಕು. ಅದರಲ್ಲಿ ಅಪರಾಧವೂ ನಂಬರ್ ಪ್ಲೇಟೂ ಸ್ಪಷ್ಟವಾಗಿ ಕಾಣುವ ಚಿತ್ರ, ದಿನಾಂಕ, ಸಮಯ, ಸ್ಥಳ, ಉಲ್ಲಂಘಿಸಿದ ಕಲಮು ಇರಬೇಕು.

ಬೆಂಗಳೂರಿನಲ್ಲಿ

2022ರ ಡಿಸೆಂಬರಿನಲ್ಲಿ ಬೆಂಗಳೂರಿನ 50 ಜಂಕ್ಷನ್ನುಗಳಲ್ಲಿ ಸ್ವಯಂಚಾಲಿತ ಕ್ಯಾಮೆರಾ ವ್ಯವಸ್ಥೆ ಆರಂಭವಾಯಿತು. ಒಂದೊಂದು ದಂಡದ ಮೊತ್ತ ಚಿಕ್ಕದಾದುದರಿಂದ ‘ಆಮೇಲೆ ನೋಡೋಣ’ ಎಂದು ಬಿಟ್ಟವರೇ ಹೆಚ್ಚು. ಬಾಕಿ ಬೆಟ್ಟದಂತೆ ಬೆಳೆಯಿತು. 2023ರ ಫೆಬ್ರುವರಿಯಲ್ಲಿ ಶೇ 50 ರಿಯಾಯಿತಿ ಘೋಷಿಸಿದಾಗ ಕೆಲವೇ ದಿನಗಳಲ್ಲಿ 100 ಕೋಟಿ ರೂಪಾಯಿಗೂ ಹೆಚ್ಚು ಹಣ ಸಂಗ್ರಹವಾಯಿತು. ಇಂಥ ರಿಯಾಯಿತಿಯನ್ನು ಮುಂದೆಯೂ ನೀಡಲಾಗಿದೆ. ತಡಮಾಡಿದವರಿಗೆ ಅರ್ಧ ಮಾಫಿಯಾಗಿ, ಹೊತ್ತಿಗೆ ಸರಿಯಾಗಿ ಕಟ್ಟಿದವರು ಪೂರ್ತಿ ತೆತ್ತಂತಾಗುವುದು ನ್ಯಾಯವೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ನೋಟಿಸು ಬಂದಾಗ

ಮೊದಲು ಚಿತ್ರವನ್ನು ತೆರೆದು ನೋಡಬೇಕು. ವಾಹನದ ಬಣ್ಣ, ಮಾದರಿ, ಸಂಖ್ಯೆಯ ಪ್ರತಿಯೊಂದು ಅಕ್ಷರ, ಸ್ಥಳ ಮತ್ತು ಸಮಯ ಹೊಂದುತ್ತವೆಯೇ ಎಂದು ಪರಿಶೀಲಿಸಬೇಕು. ಸಂಖ್ಯೆಯನ್ನು ಯಂತ್ರವು ತಪ್ಪಾಗಿ ಓದಿರಬಹುದು, ಅಥವಾ ಯಾರೋ ಅದೇ ಸಂಖ್ಯೆಯ ನಕಲಿ ಪ್ಲೇಟನ್ನು ಹಾಕಿಕೊಂಡಿರಬಹುದು. ಎರಡನೆಯದಾಗಿದ್ದರೆ ಪೊಲೀಸರಿಗೆ ಲಿಖಿತ ದೂರು ಕೊಡುವುದು ಅಗತ್ಯ; ದಂಡ ಕಟ್ಟಿ ಸುಮ್ಮನಾದರೆ ನಾಳೆ ಇನ್ನೂ ಗಂಭೀರವಾದ ಪ್ರಕರಣದಲ್ಲಿ ಅದೇ ಸಂಖ್ಯೆ ಕಾಣಿಸಿಕೊಳ್ಳಬಹುದು. ಕರ್ತವ್ಯದಲ್ಲಿದ್ದ ಪೊಲೀಸರೇ ಕೈಸನ್ನೆಯಿಂದ ಮುಂದೆ ಬಿಟ್ಟಿದ್ದರೆ, ಅಥವಾ ಆಂಬುಲೆನ್ಸಿಗೆ ದಾರಿ ಕೊಡಲು ಗೆರೆ ದಾಟಿದ್ದರೆ, ಅದನ್ನೂ ಬರೆದು ಆಕ್ಷೇಪಿಸಬಹುದು. ಇಂಥಲ್ಲಿ ಡ್ಯಾಶ್ ಕ್ಯಾಮೆರಾದ ದೃಶ್ಯ ನೆರವಿಗೆ ಬರುತ್ತದೆ. ಆಕ್ಷೇಪವನ್ನು ಪೊಲೀಸರು ಒಪ್ಪದಿದ್ದರೆ ಪ್ರಕರಣವನ್ನು ನ್ಯಾಯಾಲಯದಲ್ಲಿ ಎದುರಿಸುವ ಹಕ್ಕು ಮಾಲೀಕರಿಗಿದೆ.

ಮಗನೋ ಗೆಳೆಯನೋ ವಾಹನ ಓಡಿಸಿದ್ದರೆ, ಅಧಿಕೃತ ಪೊಲೀಸ್ ಅಧಿಕಾರಿ ಕೇಳಿದಾಗ ಚಾಲಕನ ವಿವರ ನೀಡುವುದು 133ನೇ ಕಲಮಿನಂತೆ ಮಾಲೀಕರ ಕರ್ತವ್ಯ. ಮಾರಿದ ವಾಹನದ ವಿಷಯ ಇನ್ನೂ ಕಠಿಣ. ಹಣ ಪಡೆದು ಕೀಲಿಕೈ ಕೊಟ್ಟರೂ ದಾಖಲೆಯಲ್ಲಿ ಹೆಸರು ಬದಲಾಗುವವರೆಗೆ ನೋಂದಾಯಿತ ವ್ಯಕ್ತಿಯೇ ಮಾಲೀಕನೆಂದು ಸುಪ್ರೀಂ ಕೋರ್ಟ್ 2018ರಲ್ಲಿ, ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ತೀರ್ಪು ನೀಡಿದೆ. ದಂಡದ ನೋಟಿಸೂ ಅದೇ ಹೆಸರಿಗೆ ಬರುತ್ತಿರುತ್ತದೆ. ಹಳೆಯ ವಾಹನ ಕೊಳ್ಳುವವರು ಬಾಕಿ ದಂಡವನ್ನು ಮೊದಲೇ ನೋಡಿಕೊಳ್ಳುವುದು ಇದೇ ಕಾರಣಕ್ಕೆ ಲೇಸು.

ನಕಲಿ ಸಂದೇಶಗಳು

ಇ-ಚಲನ್ ಹೆಸರಿನಲ್ಲಿ ವಾಟ್ಸ್‌ಆ್ಯಪ್ ಮೂಲಕ ವಂಚನೆ ನಡೆಯುತ್ತಿದೆ. ಸಂದೇಶದೊಂದಿಗೆ ಬರುವ ಎಪಿಕೆ ಕಡತವನ್ನು ತೆರೆದು ಸ್ಥಾಪಿಸಿಕೊಂಡರೆ ಫೋನಿನ ಒಟಿಪಿಗಳು ವಂಚಕರ ಕೈಸೇರಿ, ಬ್ಯಾಂಕ್ ಖಾತೆ ಬರಿದಾಗಬಹುದು. ಸಂದೇಶದ ಕೊಂಡಿಯನ್ನು ಒತ್ತದೆ, ಸಾರಿಗೆ ಇಲಾಖೆಯ ಅಥವಾ ಸಂಚಾರ ಪೊಲೀಸರ ಅಧಿಕೃತ ಜಾಲತಾಣವನ್ನು ತಾವೇ ತೆರೆದು ವಾಹನ ಸಂಖ್ಯೆ ನಮೂದಿಸಿ ನೋಡುವುದು ಸುರಕ್ಷಿತ. ಬೆಂಗಳೂರಿನಲ್ಲಿ ಸಂಚಾರ ಪೊಲೀಸ್ ಠಾಣೆ ಹಾಗೂ ಬೆಂಗಳೂರು ಒನ್ ಕೇಂದ್ರಗಳಲ್ಲಿಯೂ ಬಾಕಿ ವಿಚಾರಿಸಿ ಹಣ ಕಟ್ಟಬಹುದು. ವಂಚನೆಗೆ ಒಳಗಾದವರು ಕೂಡಲೇ 1930 ಸಂಖ್ಯೆಯ ಸೈಬರ್ ಅಪರಾಧ ಸಹಾಯವಾಣಿಗೆ ಕರೆಮಾಡಬೇಕು.