ಕ್ವಾಂಟಂ ಬೆಳಕಿನ ಚಿಪ್‌ಗಳಲ್ಲಿ ಲಕ್ಷಣವೂ ದೋಷವೂ

ಶಿಲ್ಪಕ್ಕೂ ಶಿಲ್ಪಶಾಸ್ತ್ರಕ್ಕೂ ಇರುವ ಸಂಬಂಧವು ವಿದ್ವಾಂಸರಿಗೆ ಹೊಸದಲ್ಲ. ಮೊದಲು ಕೈಯ ಕೌಶಲ. ಅನಂತರ ಅದನ್ನು ಇತರರಿಗೆ ಕಲಿಸುವುದಕ್ಕಾಗಿ ಲಕ್ಷಣ. ನಮ್ಮ ಕಾಲದ ಅತಿಸೂಕ್ಷ್ಮ ಶಿಲ್ಪವೊಂದು ಈಗ ಈ ಎರಡನೆಯ ಹಂತಕ್ಕೆ ಬಂದಿದೆ. ಉಗುರಿನಷ್ಟು ಅಗಲದ ಸಿಲಿಕಾನ್ ಫಲಕದಲ್ಲಿ ಬೆಳಕಿಗೆ ನಾಲೆಗಳನ್ನು ರಚಿಸಿ, ಫೋಟಾನುಗಳೆಂಬ ಬೆಳಕಿನ ಕಣಗಳನ್ನು ಒಂದೊಂದಾಗಿ ಅವುಗಳಲ್ಲಿ ಹರಿಸಿ, ಗಣನೆಯನ್ನು ಸಾಧಿಸುವ ಕ್ವಾಂಟಂ ಚಿಪ್‌ಗಳೇ ಆ ಶಿಲ್ಪ. ಇವುಗಳಿಗೆ ಸರ್ವಸಮ್ಮತವಾದ ‘ಡಿಸೈನ್ ಕಿಟ್’ ಬೇಕೆಂಬ ಪ್ರಯತ್ನ ನಡೆದಿದೆ. ಕಾರ್ಖಾನೆಯು ಯಾವ ಆಕಾರಗಳನ್ನು ಯಾವ ಅಳತೆಯಲ್ಲಿ ಮಾಡಬಲ್ಲುದು, ಮಾಡಿದ ಮೇಲೆ ಅವು ಹೇಗೆ ವರ್ತಿಸುವುವು ಎಂಬುದನ್ನು ನಿರೂಪಿಸುವ ಈ ಸಂಗ್ರಹವನ್ನು ನಾವು ವಿನ್ಯಾಸಕೋಶವೆಂದು ಕರೆಯೋಣ.

ಇದರ ಮೂಲವು ವಿದ್ಯುತ್ತಿನ ಚಿಪ್‌ಗಳ ಚರಿತ್ರೆಯಲ್ಲಿದೆ. ಕಾರ್ವರ್ ಮೀಡ್, ಲಿನ್ ಕಾನ್ವೇ ಎಂಬ ಅಮೆರಿಕದ ವಿದ್ವಾಂಸರಿಬ್ಬರು 1970ರ ದಶಕದ ಕೊನೆಯಲ್ಲಿ ವಿನ್ಯಾಸಕಾರನ ಕೆಲಸವನ್ನು ಕಾರ್ಖಾನೆಯ ಕೆಲಸದಿಂದ ಬೇರ್ಪಡಿಸಿದರು. ಅವರು ‘ಲ್ಯಾಂಬ್ಡ’ ಎಂಬ ಒಂದು ಮಾನವನ್ನು ಕಲ್ಪಿಸಿ, ಗೆರೆಯ ಅಗಲ, ಅಂತರ ಮೊದಲಾದುವೆಲ್ಲವನ್ನೂ ಅದರ ಗುಣಕಗಳಾಗಿ ಹೇಳಿದರು. ಇದು ನಮ್ಮ ತಾಲಮಾನವನ್ನೇ ನೆನಪಿಗೆ ತರುತ್ತದೆ. ನವತಾಲದ ವಿಗ್ರಹವು ಅಂಗೈಯಷ್ಟಿರಲಿ ಆಳೆತ್ತರವಿರಲಿ, ಮುಖದ ಉದ್ದಕ್ಕೆ ಒಂಬತ್ತು ಪಾಲೇ ಅದರ ಎತ್ತರ. ಅಂತೆಯೇ ಕಾರ್ಖಾನೆಯ ಸೂಕ್ಷ್ಮತೆ ಹೆಚ್ಚಿದಾಗ ಲ್ಯಾಂಬ್ಡ ಕುಗ್ಗುವುದು. ಸೂತ್ರ ಮಾತ್ರ ಉಳಿಯುವುದು. 1979ರಲ್ಲಿ ಹಲವು ವಿಶ್ವವಿದ್ಯಾಲಯಗಳ 82 ವಿನ್ಯಾಸಗಳನ್ನು ಒಟ್ಟಿಗೆ ಕೂಡಿಸಿ ತಯಾರಿಸಲಾಯಿತು. 1981ರಲ್ಲಿ ಇಂತಹ ಸೇವೆಯು ‘ಮೋಸಿಸ್’ ಎಂಬ ಹೆಸರಿನಿಂದ ಸ್ಥಿರವಾಯಿತು. ಯೂರೋಪಿನಲ್ಲಿ 2006ರಲ್ಲಿ ಬೆಲ್ಜಿಯಮ್ಮಿನ ಐಮೆಕ್, ಫ್ರಾನ್ಸಿನ ಲೆಟಿ ಎಂಬ ಸಂಸ್ಥೆಗಳು ಕೂಡಿ ಬೆಳಕಿನ ಚಿಪ್‌ಗಳಿಗೂ ಇದೇ ಪದ್ಧತಿಯನ್ನು ‘ಎಪಿಕ್ಸ್‌ಫ್ಯಾಬ್’ ಎಂಬ ಹೆಸರಿನಲ್ಲಿ ತಂದುವು.

ಆದರೆ ತಾಲಮಾನದ ನ್ಯಾಯವು ಬೆಳಕಿಗೆ ಸಲ್ಲದು. ಬೆಳಕಿನ ಅಲೆಯುದ್ದವು ನಮ್ಮ ಇಚ್ಛೆಗೆ ತಕ್ಕಂತೆ ಕುಗ್ಗುವುದಿಲ್ಲ. 1550 ನ್ಯಾನೋಮೀಟರು ಅಲೆಯುದ್ದದ ಬೆಳಕಿಗೆ ಸಿಲಿಕಾನ್ ನಾಲೆಯ ದಪ್ಪ 220, ಅಗಲ ಸುಮಾರು 450ರಿಂದ 500 ನ್ಯಾನೋಮೀಟರು ಇರುವುದು ರೂಢಿ. ಉಂಗುರದ ಆಕಾರದ ನಾಲೆಯ ಅಗಲದಲ್ಲಿ 1 ನ್ಯಾನೋಮೀಟರು, ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು, ಹೆಚ್ಚುಕಡಮೆಯಾದರೂ ಅದು ಅನುರಣಿಸುವ ಅಲೆಯುದ್ದವು ಸರಿಸುಮಾರು ಅಷ್ಟೇ ಸರಿದುಹೋಗುತ್ತದೆ. ಆದುದರಿಂದ ಇಲ್ಲಿ ಪ್ರಮಾಣಸೂತ್ರಗಳು ಸಾಲವು. ಮಾಡಿ ಅಳೆದು ನೋಡಿದ ಕವಲು, ತಿರುವು, ಉಂಗುರಗಳ ಸಿದ್ಧರೂಪಗಳೇ ಕೋಶದಲ್ಲಿರಬೇಕು.

ಕ್ವಾಂಟಂ ಚಿಪ್‌ಗಳಲ್ಲಿ ವಿಷಯವು ಇನ್ನೂ ಕಠಿನ. ಸಾಮಾನ್ಯವಾದ ಬೆಳಕು ಕುಂದಿದರೆ ಅದನ್ನು ವರ್ಧಿಸಬಹುದು. ಅಜ್ಞಾತವಾದ ಕ್ವಾಂಟಂ ಸ್ಥಿತಿಗೆ ಪ್ರತಿಯನ್ನು ಮಾಡಲು ಸಾಧ್ಯವೇ ಇಲ್ಲವೆಂದು 1982ರಲ್ಲಿ ಸಿದ್ಧವಾಯಿತು; ಆದಕಾರಣ ಕಳೆದ ಫೋಟಾನು ಕಳೆದೇ ಹೋಯಿತು. ಒಂದು ಅಂಗವು ನೂರಕ್ಕೆ 90 ಫೋಟಾನುಗಳನ್ನು ದಾಟಿಸುವುದೆನ್ನೋಣ. ಅಂತಹ 10 ಅಂಗಗಳನ್ನು ಸಾಲಾಗಿ ಜೋಡಿಸಿದರೆ ಕೊನೆಗೆ ಉಳಿಯುವುವು ಸುಮಾರು 35; ಜೊತೆಯ ಎರಡು ಫೋಟಾನುಗಳೂ ಉಳಿಯುವ ಸಂಭವ ನೂರಕ್ಕೆ 12 ಮಾತ್ರ. 1987ರಲ್ಲಿ ಹಾಂಗ್, ಔ, ಮಾಂಡೆಲ್ ಎಂಬುವರು ತೋರಿಸಿದಂತೆ, ಸಮಭಾಗದ ಕವಲಿನಲ್ಲಿ ಸೇರುವ ಎರಡು ಅಭಿನ್ನ ಫೋಟಾನುಗಳು ಒಂದೇ ದಾರಿಯಿಂದ ಹೊರಡುವುವು. 2008ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ತಂಡವು ಚಿಪ್ಪಿನ ಮೇಲೆ ಕ್ವಾಂಟಂ ತರ್ಕದ್ವಾರವನ್ನು ಸಾಧಿಸಿದುದು ಈ ಧರ್ಮವನ್ನಾಶ್ರಯಿಸಿಯೇ. ಕವಲು ಸಮವಾಗಿಲ್ಲದಿದ್ದರೆ, ಫೋಟಾನುಗಳಲ್ಲಿ ಭೇದವಿದ್ದರೆ, ಆ ಧರ್ಮವು ಮಸುಳುವುದು.

ಇದರಿಂದ ತೋರುವುದೇನೆಂದರೆ, ಕ್ವಾಂಟಂ ವಿನ್ಯಾಸಕೋಶವು ಲಕ್ಷಣವನ್ನು ಹೇಳಿದರೆ ಮುಗಿಯಲಿಲ್ಲ. ದೋಷದ ಪ್ರಮಾಣವನ್ನೂ ಹೇಳಬೇಕು. ಪ್ರತಿಯೊಂದು ಅಂಗದ ನಷ್ಟವೆಷ್ಟು, ಕವಲಿನ ವೈಷಮ್ಯವೆಷ್ಟು, ಒಂದು ಚಿಪ್ಪಿಗೂ ಇನ್ನೊಂದಕ್ಕೂ ಇರುವ ಅಂತರವೆಷ್ಟು ಎಂಬುದು ಅದರ ಶರೀರದಲ್ಲಿಯೇ ಸೇರಬೇಕು. ಕವಿರಾಜಮಾರ್ಗವು ಅಲಂಕಾರಗಳಿಗಿಂತ ಮೊದಲು, ಪ್ರಥಮ ಪರಿಚ್ಛೇದದಲ್ಲಿಯೇ, ದೋಷಾದೋಷವಿಚಾರವನ್ನು ಎತ್ತಿಕೊಂಡಿದೆಯೆಂಬುದನ್ನು ನಮ್ಮ ಸಾಹಿತ್ಯೋಪಾಧ್ಯಾಯರು ಬಲ್ಲರು. ಆ ಕ್ರಮದ ಔಚಿತ್ಯವು ಇಲ್ಲಿಯೂ ಕಾಣುತ್ತದೆ.

ಸಿಲಿಕಾನ್, ಸಿಲಿಕಾನ್ ನೈಟ್ರೈಡ್, ಲಿಥಿಯಂ ನಯೋಬೇಟ್ ಎಂದು ದ್ರವ್ಯಗಳೇ ಇನ್ನೂ ನಿಶ್ಚಯವಾಗದಿರುವಾಗ ನಿಯಮಗಳನ್ನು ಕಟ್ಟಿದರೆ ಪ್ರತಿಭೆಗೆ ಬೇಡಿ ತೊಡಿಸಿದಂತಾಗದೆ ಎಂದು ಕೆಲವರು ಆಕ್ಷೇಪಿಸಬಹುದು. ದ್ರವ್ಯದ ಅಳತೆಗಳನ್ನು ಕಟ್ಟುವ ಅಗತ್ಯವಿಲ್ಲ. ಅಂಗಗಳ ಹೆಸರು, ಪ್ರವೇಶನಿರ್ಗಮಗಳ ಗುರುತು, ದೋಷವನ್ನು ಅಳೆಯುವ ರೀತಿ, ಇವು ಸಮಾನವಾದರೆ ಸಾಕು. 1979ರ ಆ 82 ವಿನ್ಯಾಸಗಳೇ ಸಮಾನನಿಯಮದಿಂದ ಪ್ರತಿಭೆ ಹರಡಿತಲ್ಲದೆ ಅಡಗಲಿಲ್ಲವೆಂಬುದಕ್ಕೆ ಸಾಕ್ಷಿ.

ನಿಜವಾದ ಭಯವಿರುವುದು ಬೇರೆಡೆ. ಕಾರ್ಖಾನೆಗಳು ಬಹುಮಟ್ಟಿಗೆ ತಮ್ಮ ಕೋಶಗಳನ್ನು ಗೋಪ್ಯದ ಕರಾರಿನ ಮೇಲೆ ಕೊಡುವುವು. ಹಿಂದಿನವರು ಇದನ್ನೇ ಆಚಾರ್ಯಮುಷ್ಟಿ ಎಂದರು. ಮುಷ್ಟಿಯೊಳಗಿನ ಅಳತೆಯನ್ನು ಹೋಲಿಸಿ ನೋಡುವುದೂ ಶಿಷ್ಯರಿಗೆ ಪಾಠ ಹೇಳುವುದೂ ಆಗದು. ಕೆನಡದ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾಲಯದವರು ಬೆಳಕಿನ ಚಿಪ್‌ಗಳ ಕೋಶವೊಂದನ್ನು ಎಲ್ಲರಿಗೂ ತೆರೆದಿಟ್ಟಿರುವರು. 2020ರಲ್ಲಿ ಸ್ಕೈವಾಟರ್ ಕಾರ್ಖಾನೆಯ ವಿದ್ಯುತ್ ಚಿಪ್‌ಗಳ ಕೋಶವೂ ಬಹಿರಂಗವಾಯಿತು. 2023ರಲ್ಲಿ ಮಂಜೂರಾದ ರಾಷ್ಟ್ರೀಯ ಕ್ವಾಂಟಂ ಮಿಷನ್ನಿನಲ್ಲಿ ಕ್ವಾಂಟಂ ಗಣನೆಯ ಕೇಂದ್ರವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸಂದಿರುವುದರಿಂದ ಈ ಪ್ರಶ್ನೆಯು ನಮಗೂ ದೂರದ್ದಲ್ಲ. ತನ್ನ ದೋಷವನ್ನು ಅಂಕಿಗಳಲ್ಲಿ ಬಹಿರಂಗವಾಗಿ ಹೇಳಿಕೊಳ್ಳುವ ಕೋಶವೇ ಶಾಸ್ತ್ರವೆನಿಸುವುದು. ಉಳಿದುದು ಒಬ್ಬೊಬ್ಬರ ಕೈಗುಣವಾಗಿ ಅವರೊಡನೆಯೇ ಮುಗಿಯುವುದು.