ಲೈಡನ್ ಹೆಸರು ಹೊತ್ತ ರಕ್ತದೋಷ

ಗಾಯವಾದಾಗ ರಕ್ತ ಹೆಪ್ಪುಗಟ್ಟದಿದ್ದರೆ ಜೀವಕ್ಕೆ ಅಪಾಯ. ಗಾಯವಿಲ್ಲದ ಕಡೆ ಹೆಪ್ಪುಗಟ್ಟಿದರೂ ಅಪಾಯವೇ. ಈ ಎರಡಕ್ಕೂ ಸಂಬಂಧಪಟ್ಟ ಪ್ರೋಟೀನು ಫ್ಯಾಕ್ಟರ್ ಫೈವ್. 1940ರ ದಶಕದಲ್ಲಿ, ಮಹಾಯುದ್ಧದ ನಡುವೆಯೇ, ನಾರ್ವೆಯ ಪಾಲ್ ಓವ್ರೆನ್ ಇದನ್ನು ಗುರುತಿಸಿದರು. ಅವರ ರೋಗಿಯೊಬ್ಬಳಿಗೆ ಇದರ ಕೊರತೆಯಿಂದ ರಕ್ತಸ್ರಾವ ನಿಲ್ಲುತ್ತಿರಲಿಲ್ಲ. ಅದೇ ಪ್ರೋಟೀನು ಅತಿಯಾಗಿ ಹೆಪ್ಪುಗಟ್ಟಿಸಲೂಬಹುದು ಎಂದು ತಿಳಿಯಲು ಅರ್ಧ ಶತಮಾನ ಬೇಕಾಯಿತು.

1993ರಲ್ಲಿ ಸ್ವೀಡನ್ನಿನ ಬ್ಯೋರ್ನ್ ಡಾಲ್‌ಬೆಕ್ ಒಂದು ವಿಚಿತ್ರವನ್ನು ವರದಿ ಮಾಡಿದರು. ಸಕ್ರಿಯಗೊಂಡ ಪ್ರೋಟೀನ್ ಸಿ ಸೇರಿಸಿದರೆ ರಕ್ತ ಹೆಪ್ಪುಗಟ್ಟುವುದು ತಡವಾಗಬೇಕು. ಕೆಲವು ಕುಟುಂಬಗಳವರ ರಕ್ತದಲ್ಲಿ ಅದು ಆಗುತ್ತಲೇ ಇರಲಿಲ್ಲ. ಇದೇನು ಅಪರೂಪದ ದೋಷವೇ? ಉತ್ತರಿಸುವ ಸಾಮಗ್ರಿ ನೆದರ್‌ಲೆಂಡ್ಸ್‌ನ ಲೈಡನ್‌ನಲ್ಲಿತ್ತು. ಮೊದಲ ಬಾರಿಗೆ ರಕ್ತನಾಳದಲ್ಲಿ ಗಡ್ಡೆ ಕಟ್ಟಿಕೊಂಡ 474 ರೋಗಿಗಳನ್ನೂ ಅಷ್ಟೇ ಸಂಖ್ಯೆಯ ಆರೋಗ್ಯವಂತರನ್ನೂ ಫ್ರಿಟ್ಸ್ ರೋಸೆಂಡಾಲ್ ಮತ್ತವರ ಸಂಗಡಿಗರು ಅಧ್ಯಯನಕ್ಕೆ ಒಳಪಡಿಸುತ್ತಿದ್ದರು. ಆರೋಗ್ಯವಂತರೆಂದರೆ ರೋಗಿಗಳ ಪರಿಚಯಸ್ಥರು, ಸಂಗಾತಿಗಳು. ಅಧ್ಯಯನದ ಮೊದಲ ಹಂತದಲ್ಲೇ ಈ ದೋಷ ರೋಗಿಗಳಲ್ಲಿ ಶೇ. 21, ಆರೋಗ್ಯವಂತರಲ್ಲಿ ಶೇ. 5 ಕಂಡಿತು. ಅದುವರೆಗೆ ಗೊತ್ತಿದ್ದ ಆನುವಂಶಿಕ ಕಾರಣಗಳೆಲ್ಲ ತೀರ ವಿರಳವಾಗಿದ್ದವು. ಈ ಒಂದು ಹೋಲಿಕೆ ಇಡೀ ಕ್ಷೇತ್ರದ ದಿಕ್ಕು ಬದಲಿಸಿತು ಎಂದೇ ನಾನು ನಂಬಿದ್ದೇನೆ.

1994ರಲ್ಲಿ ಅದೇ ಊರಿನ ರೊಖೀರ್ ಬರ್ಟಿನಾ ತಂಡ ಮೂಲವನ್ನು ಪತ್ತೆಹಚ್ಚಿತು. ಒಂದನೇ ವರ್ಣತಂತುವಿನಲ್ಲಿರುವ ಫ್ಯಾಕ್ಟರ್ ಫೈವ್ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, ಪ್ರೋಟೀನಿನ 506ನೇ ಸ್ಥಾನದಲ್ಲಿ ಆರ್ಜಿನಿನ್ ಬದಲು ಗ್ಲುಟಮಿನ್ ಬಂದು ಕೂತಿತ್ತು. ಹೆಪ್ಪುಗಟ್ಟುವುದನ್ನು ತಡೆಯಲು ಪ್ರೋಟೀನ್ ಸಿ ಕತ್ತರಿಸಬೇಕಾದ ಜಾಗಗಳಲ್ಲಿ ಅದೂ ಒಂದು. ಕತ್ತರಿಸುವುದು ನಿಧಾನವಾದಷ್ಟೂ ಹೆಪ್ಪುಗಟ್ಟುವಿಕೆ ಮುಂದುವರಿಯುತ್ತದೆ. ಈ ರೂಪಾಂತರಕ್ಕೆ ‘ಫ್ಯಾಕ್ಟರ್ ಫೈವ್ ಲೈಡನ್’ ಎಂಬ ಹೆಸರು ನಿಂತಿತು. 1996ರಲ್ಲಿ ಪ್ರೋಥ್ರಾಂಬಿನ್ ಜೀನಿನ ದೋಷವನ್ನೂ ಲೈಡನ್ನಿನವರೇ ಕಂಡುಹಿಡಿದರು.

ಹೆಣ್ಣುಮಕ್ಕಳಿಗೆ ನೇರವಾಗಿ ತಟ್ಟಿದ್ದು 1994ರದೇ ಇನ್ನೊಂದು ವರದಿ. ಯಾನ್ ವಾಂಡನ್‌ಬ್ರುಕ್ ಮತ್ತು ಸಂಗಡಿಗರ ಲೆಕ್ಕದಂತೆ, ದೋಷವೂ ಇಲ್ಲದ, ಗರ್ಭನಿರೋಧಕ ಮಾತ್ರೆಯನ್ನೂ ನುಂಗದ 10,000 ಯುವತಿಯರಲ್ಲಿ ವರ್ಷಕ್ಕೆ 0.8 ಮಂದಿಗೆ ಗಡ್ಡೆ ಕಟ್ಟಿದರೆ, ಎರಡೂ ಇದ್ದವರಲ್ಲಿ 28.5 ಮಂದಿಗೆ. ಅಂದರೆ ಮೂವತ್ತು ಪಟ್ಟಿಗೂ ಹೆಚ್ಚು. ಆದರೂ ಹತ್ತು ಸಾವಿರದಲ್ಲಿ ಅದು ಸಣ್ಣ ಸಂಖ್ಯೆಯೇ, ಮರೆಯಬಾರದು.

ಮುಂದೆ ಈ ದೋಷಕ್ಕಾಗಿ ಪರೀಕ್ಷೆ ಮಾಡಿಸುವುದು ಎಲ್ಲೆಡೆ ರೂಢಿಯಾಯಿತು. ಅದಕ್ಕೆ ಕಡಿವಾಣ ಹಾಕಿದ್ದೂ ಲೈಡನ್. ಆ 474 ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ 2005ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಗಡ್ಡೆ ಮತ್ತೆ ಕಟ್ಟುವುದೋ ಇಲ್ಲವೋ ಎಂಬುದನ್ನು ಈ ಜೀನು ಹೆಚ್ಚೇನೂ ಹೇಳುವುದಿಲ್ಲ. ಮೊದಲ ಸಲ ಯಾವ ಸಂದರ್ಭದಲ್ಲಿ ಕಟ್ಟಿತ್ತು ಎಂಬುದೇ ಹೆಚ್ಚು ಮುಖ್ಯ. ತಾವೇ ಕಂಡುಹಿಡಿದದ್ದರ ಮಿತಿಯನ್ನು ತಾವೇ ಅಳೆದು ತೋರಿಸಿದ ಈ ಪ್ರಾಮಾಣಿಕತೆ ದೊಡ್ಡದು.

ಭಾರತೀಯರಲ್ಲಿ ಈ ರೂಪಾಂತರ ಯುರೋಪಿಯನ್ನರಿಗಿಂತ ಕಡಿಮೆ. ಸುಮ್ಮನೆ ಪರೀಕ್ಷೆಗೆ ಹಣ ಸುರಿಯುವ ಅಗತ್ಯವಿಲ್ಲ. ಆದರೆ ಮನೆಯಲ್ಲಿ ಯಾರಿಗಾದರೂ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದರೆ, ಗರ್ಭನಿರೋಧಕ ಮಾತ್ರೆ ಶುರುಮಾಡುವ ಮೊದಲು ವೈದ್ಯರಿಗೆ ಅದನ್ನು ತಪ್ಪದೆ ತಿಳಿಸಿ. ಬಾಣಂತಿಗೆ ಅಥವಾ ಶಸ್ತ್ರಚಿಕಿತ್ಸೆಯಾದವರಿಗೆ ಒಂದೇ ಕಾಲು ಊದಿ ನೋಯುತ್ತಿದ್ದರೆ, ಇಲ್ಲವೇ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.